ದೇಶಾಟನವೂ ಆತಿಥ್ಯವೂ

ಕೋಶ ಓದು, ದೇಶ ಸುತ್ತು ಎಂಬ ಗಾದೆಯನ್ನು ನಮ್ಮ ವಿದ್ಯಾರ್ಥಿಗಳು ಪ್ರವಾಸ ಪ್ರಬಂಧದ ಮೊದಲನೆಯ ಸಾಲಿನಲ್ಲಿ ತಪ್ಪದೆ ಬರೆಯುತ್ತಾರೆ. ಕೋಶವನ್ನು ಓದುವ ಕ್ರಮವನ್ನು ಶಾಲೆಯಲ್ಲಿ ಕಲಿಸುತ್ತೇವೆ. ದೇಶವನ್ನು ಸುತ್ತುವ ಕ್ರಮವನ್ನು ಕಲಿಸುವವರಾರು? ಸುತ್ತಲು ಹೊರಟವನು ಕತ್ತಲಾದಾಗ ಎಲ್ಲಿ ತಂಗಬೇಕು, ಯಾರ ಕೈಯ ಅನ್ನವನ್ನು ಉಣ್ಣಬೇಕು ಎಂಬುದನ್ನು ಗಾದೆಯು ಹೇಳುವುದಿಲ್ಲ. ಪ್ರವಾಸದ ಫಲವು ಬಹುಮಟ್ಟಿಗೆ ಈ ಒಂದು ಪ್ರಶ್ನೆಯನ್ನೇ ಅವಲಂಬಿಸಿರುವುದೆಂದು ನಮ್ಮ ಅಭಿಪ್ರಾಯ.

ಈಗ ಪ್ರವಾಸವೆಂದರೆ ಬಸ್ಸನ್ನು ಗೊತ್ತುಮಾಡಿ ಎರಡು ದಿನಗಳಲ್ಲಿ ಏಳು ಸ್ಥಳಗಳನ್ನು ಮುಗಿಸಿ ಬರುವುದೆಂದಾಗಿದೆ. ಹಾಗೆ ಹೋಗಿ ಬಂದ ಮಕ್ಕಳಿಗೆ ಕಂಡುದನ್ನು ಬರೆಯಿರೆಂದರೆ ಮೈಸೂರಿನ ಅರಮನೆಗೆ ಒಂದು ಸಾಲು, ಬಸ್ಸಿನಲ್ಲಿ ಹಾಡಿದ ಹಾಡಿಗೆ ಅರ್ಧ ಪುಟ. ಇದು ಮಕ್ಕಳ ದೋಷವಲ್ಲ. ಟಿಕೆಟು ಕೊಟ್ಟವರನ್ನೂ ದೋಸೆ ಬಡಿಸಿದವರನ್ನೂ ಬಿಟ್ಟರೆ ಆ ಊರಿನ ಒಬ್ಬರೊಡನೆಯೂ ಅವರು ಮಾತನಾಡಿರುವುದಿಲ್ಲ. ಊರಿನ ಕಟ್ಟಡಗಳನ್ನು ಕಂಡರು, ಊರನ್ನು ಕಾಣಲಿಲ್ಲ.

ಇದಕ್ಕಿಂತ ಬೇರೆಯಾದ ಒಂದು ಬಗೆಯ ಸಂಚಾರವು ಪುರಾತನ ಕಾಲದಿಂದಲೂ ನಡೆದು ಬಂದಿದೆ. ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಗಟ್ಟಲೆ ನಡೆಯುತ್ತ, ಹೋದ ಹೋದಲ್ಲಿ ಅಲ್ಲಿಯ ಜನರ ಮನೆಯಲ್ಲೇ ಇಳಿದುಕೊಂಡು, ಅವರು ಉಂಡುದನ್ನೇ ಉಂಡು, ಅವರ ನಡುವೆ ಮಲಗಿ ಎದ್ದು ಮುಂದಕ್ಕೆ ಹೊರಡುವುದು ಇದರ ರೀತಿ. ಅತಿಥಿಯೆಂಬ ಶಬ್ದವನ್ನು ನಮ್ಮ ಹಿರಿಯರು ಎರಡು ವಿಧವಾಗಿ ಬಿಡಿಸಿದ್ದಾರೆ. ಬರುವ ತಿಥಿಯನ್ನು ಮುಂದಾಗಿ ತಿಳಿಸದವನು ಎಂಬುದೊಂದು. ಒಂದೆಡೆ ಬಹುಕಾಲ ನಿಲ್ಲದವನು ಎಂಬುದು ಇನ್ನೊಂದು. ಅತಿಥಿಯನ್ನು ದೇವರೆಂದು ಕಾಣಬೇಕೆಂಬ ಉಪದೇಶವು ತೈತ್ತಿರೀಯೋಪನಿಷತ್ತಿನಲ್ಲಿದೆ. ಅದು ಮನೆಯವರಿಗೆ ಹೇಳಿದ ಮಾತು. ಬಂದವನು ತನ್ನನ್ನು ತಾನೇ ದೇವರೆಂದು ಭಾವಿಸಿಕೊಂಡರೆ ಆ ಮನೆಯ ಗತಿಯೇನಾಗುವುದೆಂದು ಗೃಹಿಣಿಯರನ್ನು ಕೇಳಿ ತಿಳಿಯಬೇಕು.

ಈ ಬಗೆಯ ಸಂಚಾರಿಗಳಲ್ಲಿ ನಮ್ಮ ಕರಾವಳಿಗೂ ಸಂಬಂಧಪಟ್ಟವನು ಇಬ್ನ್ ಬತೂತ. ಇವನು ಆಫ್ರಿಕದ ವಾಯವ್ಯ ತುದಿಯ ಟಾಂಜಿಯರ್ ಪಟ್ಟಣದಲ್ಲಿ ೧೩೦೪ರಲ್ಲಿ ಹುಟ್ಟಿದನು. ೧೩೨೫ರಲ್ಲಿ, ತನ್ನ ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಮಕ್ಕಾ ಯಾತ್ರೆಗೆಂದು ಒಬ್ಬನೇ ಹೊರಟನು. ಯಾತ್ರೆಯು ಬೆಳೆಯುತ್ತ ಹೋಗಿ ಈಜಿಪ್ಟು, ಅರೇಬಿಯ, ಪಾರಸಿಕ, ತುರ್ಕಿ, ಭಾರತ, ಸಿಂಹಳ, ಚೀನಗಳವರೆಗೆ ಹಬ್ಬಿತು. ಅವನು ಮರಳಿ ತನ್ನ ನಾಡನ್ನು ಸೇರಿದ್ದು ೧೩೪೯ರಲ್ಲಿ. ಅಷ್ಟು ಕಾಲ ಅವನನ್ನು ಸಾಕಿದ್ದು ಕೈಯಲ್ಲಿದ್ದ ಹಣವಲ್ಲ, ದಾರಿಯ ಜನ. ರಾಜರುಗಳ ದಾನವೂ ಇದರಲ್ಲಿ ಸೇರಿತ್ತೆಂಬುದು ನಿಜ. ದಾನವನ್ನು ಕೇಳಿ ಪಡೆಯುವುದರಲ್ಲಿ ಅವನಿಗೆ ಸಂಕೋಚವೂ ಬಹಳವಿದ್ದಂತೆ ತೋರುವುದಿಲ್ಲ.

ಹೊರಟ ಹೊಸತರಲ್ಲಿ ನಡೆದ ಒಂದು ಸಂಗತಿಯನ್ನು ಅವನೇ ಹೇಳಿದ್ದಾನೆ. ಯಾತ್ರಿಕರ ತಂಡವು ಟ್ಯೂನಿಸ್ ನಗರವನ್ನು ಮುಟ್ಟಿದಾಗ ಊರಿನವರು ಎದುರುಗೊಂಡು, ತಮಗೆ ಗುರುತಿದ್ದವರನ್ನು ಆದರದಿಂದ ಮಾತನಾಡಿಸತೊಡಗಿದರು. ಇವನನ್ನು ಮಾತನಾಡಿಸುವವರು ಯಾರೂ ಇರಲಿಲ್ಲ. ಹುಡುಗನಿಗೆ ದುಃಖ ತಡೆಯಲಾರದೆ ಕಣ್ಣೀರು ಬಂದಿತು. ಇದನ್ನು ಕಂಡ ಒಬ್ಬ ಯಾತ್ರಿಕನು ಹತ್ತಿರಕ್ಕೆ ಬಂದು ವಂದಿಸಿ, ನಗರವನ್ನು ಪ್ರವೇಶಿಸುವವರೆಗೂ ಸ್ನೇಹದಿಂದ ಮಾತನಾಡುತ್ತ ಜತೆಯಲ್ಲಿ ನಡೆದನು. ಅಂದು ರಾತ್ರಿ ಇಬ್ನ್ ಬತೂತನು ಒಂದು ವಿದ್ಯಾಶಾಲೆಯಲ್ಲಿ ತಂಗಿದನು. ಪ್ರಪಂಚವನ್ನೇ ಸುತ್ತಿ ಬಂದವನು ಮುಪ್ಪಿನ ಕಡೆಗೆ ಸಾಗುತ್ತ ತನ್ನ ಕಥೆಯನ್ನು ಬರೆಸುವಾಗ ಸುಲ್ತಾನರ ಆಸ್ಥಾನಗಳ ಜತೆಗೆ ಈ ಕಣ್ಣೀರನ್ನೂ ಮರೆಯದೆ ಬರೆಸಿದನೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ತುರ್ಕಿಯಲ್ಲಿ ಆದುದು ಇದಕ್ಕೆ ನೇರ ವಿರುದ್ಧ. ಆ ನಾಡಿನ ಊರೂರುಗಳಲ್ಲಿ ಅಖಿಗಳೆಂಬ ತರುಣ ಕಸುಬುದಾರರ ಸಂಘಗಳಿದ್ದುವು. ಅವರು ಹಗಲೆಲ್ಲ ದುಡಿದು, ಸಂಜೆಯ ಹೊತ್ತಿಗೆ ಸಂಪಾದನೆಯನ್ನು ತಂದು ತಮ್ಮ ಮುಖಂಡನಲ್ಲಿ ಒಪ್ಪಿಸುವರು; ಅದರಿಂದ ಹಣ್ಣುಹಂಪಲು ಮೊದಲಾದ ಆಹಾರಪದಾರ್ಥಗಳನ್ನು ಕೊಂಡು ಎಲ್ಲರೂ ಒಟ್ಟಿಗೆ ಉಣ್ಣುವರು; ಊರಿಗೆ ಪರದೇಶಿಯೊಬ್ಬನು ಬಂದರೆ ಅವನು ಹೊರಡುವವರೆಗೂ ಅವರ ಅತಿಥಿ. ಅಂಟಾಲಿಯದಲ್ಲಿ ಹಳೆಯ ಬಟ್ಟೆ ತೊಟ್ಟ ಒಬ್ಬನು ಬಂದು ಇಬ್ನ್ ಬತೂತನನ್ನೂ ಜತೆಯವರನ್ನೂ ಊಟಕ್ಕೆ ಕರೆದಾಗ, ಪಾಪ, ಈ ಬಡವನಿಗೇಕೆ ಭಾರವಾಗಬೇಕೆಂದು ಇವನು ಹಿಂಜರಿದನು. ವಿಚಾರಿಸಿದರೆ ಅವನೊಬ್ಬ ಚಮ್ಮಾರ. ನಾನಾ ಕಸುಬುಗಳ ಸುಮಾರು ಇನ್ನೂರು ಮಂದಿಯ ಸಂಘಕ್ಕೆ ಮುಖ್ಯಸ್ಥ!

ಲಾದಿಕ್ ಎಂಬ ಇನ್ನೊಂದು ಪಟ್ಟಣದಲ್ಲಿ ಇವರು ಪೇಟೆಬೀದಿಯನ್ನು ಹಾದುಹೋಗುತ್ತಿರಲು ಅಂಗಡಿಗಳಿಂದ ಕೆಲವರು ಇಳಿದು ಬಂದು ಇವರ ಕುದುರೆಗಳ ಕಡಿವಾಣವನ್ನು ಹಿಡಿದರು. ಅಷ್ಟರಲ್ಲಿ ಮತ್ತೊಂದು ಗುಂಪು ಬಂದು ಅವರನ್ನು ತಡೆಯಿತು. ಮಾತಿಗೆ ಮಾತು ಬೆಳೆದು ಕತ್ತಿಗಳು ಹೊರಬಂದುವು. ಇಬ್ನ್ ಬತೂತನಿಗೆ ತುರ್ಕಿ ಭಾಷೆ ಬಾರದು. ಇವರು ದರೋಡೆಗಾರರೇ ಸರಿಯೆಂದು ಅವನು ನಡುಗಿದನು. ಪುಣ್ಯವಶಾತ್ ಅರಬ್ಬಿಯನ್ನು ಬಲ್ಲ ಒಬ್ಬ ಹಾಜಿಯು ಆಗ ಅಲ್ಲಿಗೆ ಬಂದು ಸಂಗತಿಯನ್ನು ವಿವರಿಸಿದನು: ಎರಡೂ ಗುಂಪುಗಳು ಅಖಿಗಳವು, ಅತಿಥಿಗಳು ತಮ್ಮಲ್ಲೇ ಇಳಿಯಬೇಕೆಂಬುದು ಜಗಳದ ಕಾರಣ. ಕಡೆಗೆ ಚೀಟಿ ಎತ್ತಿ, ಮೊದಲು ಒಬ್ಬರಲ್ಲಿ ಆಮೇಲೆ ಇನ್ನೊಬ್ಬರಲ್ಲಿ ಎಂದು ತೀರ್ಮಾನವಾಯಿತು. ಭಾಷೆಯರಿಯದವನಿಗೆ ಔತಣವೂ ದರೋಡೆಯಂತೆ ಕಾಣುವುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ತಿಳಿಯದು.

ದೆಹಲಿಯಲ್ಲಿ ಮಹಮ್ಮದ್ ಬಿನ್ ತುಘಲಕನ ಕೈಕೆಳಗೆ ನ್ಯಾಯಾಧೀಶನಾಗಿದ್ದು, ಅನಂತರ ಚೀನಕ್ಕೆ ರಾಯಭಾರಿಯಾಗಿ ಹೊರಟ ಇಬ್ನ್ ಬತೂತನು ೧೩೪೨ರ ಸುಮಾರಿಗೆ ನಮ್ಮ ಪಡುಗಡಲಿನ ದಡಕ್ಕೆ ಬಂದನು. ಹೊನ್ನಾವರವನ್ನು ಅವನು ಹಿನಾವರವೆಂದು ಕರೆಯುತ್ತಾನೆ. ಅಲ್ಲಿ ಗಂಡುಮಕ್ಕಳ ಶಾಲೆಗಳು ೨೩, ಹೆಣ್ಣುಮಕ್ಕಳ ಶಾಲೆಗಳು ೧೩ ಇದ್ದುವೆಂದೂ, ಇಂಥದನ್ನು ತಾನು ಬೇರೆಲ್ಲಿಯೂ ಕಾಣಲಿಲ್ಲವೆಂದೂ, ಆ ಪಟ್ಟಣದ ಸ್ತ್ರೀಯರಿಗೆ ಕುರಾನು ಕಂಠಪಾಠವಾಗಿತ್ತೆಂದೂ ಹೇಳಿದ್ದಾನೆ. ಆರುನೂರ ಎಂಬತ್ತು ವರ್ಷಗಳ ಹಿಂದೆ ನಮ್ಮ ಕರಾವಳಿಯಲ್ಲಿ ಹುಡುಗಿಯರಿಗೆ ಹದಿಮೂರು ಶಾಲೆಗಳು! ಇದು ಒಬ್ಬ ಅತಿಥಿಯು ಬರೆಸಿಟ್ಟ ಲೆಕ್ಕ.

ಅವನು ಹೊನ್ನಾವರದ ಸುಲ್ತಾನ ಜಮಾಲುದ್ದೀನನ ಜತೆಯಲ್ಲಿ ಕುಳಿತು ಉಂಡವನು. ಆದುದರಿಂದ ಊಟದ ಕ್ರಮವೆಲ್ಲವೂ ಅವನ ಬರಹದಲ್ಲಿ ಬಂದಿದೆ. ತಾಮ್ರದ ಪಾತ್ರೆಯಿಂದ ದೊಡ್ಡ ಸೌಟಿನಲ್ಲಿ ಅನ್ನ, ಅದರ ಮೇಲೆ ತುಪ್ಪ, ಮಗ್ಗುಲಿಗೆ ಮೆಣಸು, ಹಸಿಶುಂಠಿ, ನಿಂಬೆ, ಮಾವುಗಳ ಉಪ್ಪಿನಕಾಯಿ, ಆಮೇಲೆ ಕೋಳಿ, ಮೀನು, ತುಪ್ಪದಲ್ಲಿ ಬೇಯಿಸಿದ ತರಕಾರಿ, ಪ್ರತಿಯೊಂದಕ್ಕೂ ಮತ್ತೆ ಅನ್ನ, ಕೊನೆಗೆ ಮಜ್ಜಿಗೆ. ಮಜ್ಜಿಗೆ ಬಂದಿತೆಂದರೆ ಇನ್ನು ಬಡಿಸುವುದಕ್ಕೇನೂ ಇಲ್ಲವೆಂದು ತಿಳಿಯಬೇಕೆಂದು ಅವನು ತನ್ನ ದೇಶದವರಿಗೆ ವಿವರಿಸಿದ್ದಾನೆ. ಹನ್ನೊಂದು ತಿಂಗಳು ಆ ಸುಲ್ತಾನನಲ್ಲಿದ್ದು ರೊಟ್ಟಿಯ ಮುಖವನ್ನೇ ಕಾಣಲಿಲ್ಲವೆಂದೂ, ಆಮೇಲೆ ಮಾಲ್ದೀವು, ಸಿಂಹಳ, ಮಲಬಾರು ಮೊದಲಾದ ಕಡೆಗಳಲ್ಲಿ ಮೂರು ವರ್ಷ ಅನ್ನವನ್ನೇ ತಿಂದು ತಿಂದು, ಕಡೆಕಡೆಗೆ ನೀರು ಕುಡಿದ ಹೊರತು ಅದು ಗಂಟಲಲ್ಲಿ ಇಳಿಯುತ್ತಿರಲಿಲ್ಲವೆಂದೂ ದೂರಿಕೊಂಡಿದ್ದಾನೆ. ಅಡುಗೆ ಮೆಚ್ಚಲಿಲ್ಲವೆಂದು ತಾಯಂದಿರ ಮೇಲೆ ಮುನಿಯುವ ಮಕ್ಕಳು ಈ ಮಹಾಶಯನನ್ನು ನೆನೆಯಲಿ.

ಮಂಗಳೂರಿನಿಂದ ಅವನು ಹಡಗಿನಲ್ಲಿ ಏಳುಮಲೆಯ ಕಡೆಗೆ, ಎಂದರೆ ನಮ್ಮ ಕಾಸರಗೋಡಿನ ಕಡಲ ಮುಂದೆಯೇ, ಹಾದುಹೋದನು. ಏಳುಮಲೆಯ ಬಳಿಯ ಹಿಲಿ ಎಂಬ ಪಟ್ಟಣದ ಮಸೀದಿಯಲ್ಲಿ ವಿದ್ಯಾರ್ಥಿಗಳಿಗೆ ವೇತನವೂ ದಾರಿಗರಿಗೆ ಊಟವೂ ದೊರೆಯುತ್ತಿದ್ದುವಂತೆ. ಮಲಬಾರಿನ ದಾರಿಯನ್ನು ಅವನು ಬಾಯ್ತುಂಬ ಹೊಗಳಿದ್ದಾನೆ: ಉದ್ದಕ್ಕೂ ಮರಗಳ ನೆರಳು, ಅರ್ಧ ಮೈಲಿಗೊಂದು ಮರದ ಮಂಟಪ, ಕುಳಿತುಕೊಳ್ಳಲು ಜಗಲಿ, ಪಕ್ಕದಲ್ಲಿ ಬಾವಿ, ಬಾವಿಯ ಬಳಿ ನೀರು ಕೊಡುವ ಒಬ್ಬ ಆಳು. ಕಳ್ಳರ ಭಯವೆಂಬುದೇ ಇಲ್ಲ. ಆದರೆ ಇದೇ ಪ್ರಕರಣದಲ್ಲಿ ಇನ್ನೊಂದು ಮಾತೂ ಇದೆ. ಆ ಆಳು ಊರಿನ ಹಿಂದೂಗಳಿಗೆ ನೀರನ್ನು ಪಾತ್ರೆಯಲ್ಲಿ ಕೊಡುವನು. ಮುಸಲ್ಮಾನನಿಗೆ ಬೊಗಸೆಗೆ ಹೊಯ್ಯುವನು. ಅವನನ್ನು ಮನೆಯೊಳಕ್ಕೆ ಬಿಡುವುದಿಲ್ಲ. ಅನ್ನವನ್ನು ಬಾಳೆಯೆಲೆಯಲ್ಲಿ ಬಡಿಸುವರು. ತಮ್ಮ ಪಾತ್ರೆಯಲ್ಲಿ ಅವನು ಉಂಡರೆ ಅದನ್ನು ಒಡೆಯುವರು. ದಾರಿಯ ತಂಗುದಾಣಗಳಲ್ಲೆಲ್ಲ ಮುಸಲ್ಮಾನರ ಮನೆಗಳಿದ್ದುದರಿಂದ ತನ್ನಂಥವರಿಗೆ ಪ್ರಯಾಣ ಸಾಧ್ಯವಾಯಿತೆಂದು ಅವನು ಹೇಳುತ್ತಾನೆ.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ನಮ್ಮದು ಅತಿಥಿಸತ್ಕಾರದ ನಾಡೆಂದು ಸಭೆಗಳಲ್ಲಿ ಹೇಳುತ್ತೇವೆ, ಮಕ್ಕಳಿಂದಲೂ ಹೇಳಿಸುತ್ತೇವೆ. ಅದು ಸುಳ್ಳಲ್ಲ. ಆದರೆ ಪರದೇಶದಿಂದ ಬಂದವನಿಗೆ ಜಗಲಿಯಾದರೂ ಬಾಳೆಯೆಲೆಯಾದರೂ ದೊರೆಯಿತು. ಈ ನಾಡಿನಲ್ಲೇ ಹುಟ್ಟಿದ ಲಕ್ಷಾಂತರ ಜನಕ್ಕೆ ಅಷ್ಟೂ ದೊರೆಯಲಿಲ್ಲವೆಂಬುದೂ ನಿಜವೇ. ಭೀಮರಾವ್ ಅಂಬೇಡ್ಕರರು ತಮ್ಮ ಬಾಲ್ಯದ ಪ್ರಯಾಣವೊಂದನ್ನು ಬರೆದಿಟ್ಟಿದ್ದಾರೆ. ೧೯೦೧ರಲ್ಲಿ ಅವರ ಕುಟುಂಬವು ಸಾತಾರೆಯಲ್ಲಿತ್ತು. ಬೇಸಿಗೆಯ ರಜೆಯಲ್ಲಿ ಮನೆಯ ಮಕ್ಕಳು ಹೊಸ ಅಂಗಿ ಟೋಪಿಗಳನ್ನು ತೊಟ್ಟು, ಕೋರೆಗಾಂವಿಯಲ್ಲಿ ಉದ್ಯೋಗದಲ್ಲಿದ್ದ ತಂದೆಯನ್ನು ಕಾಣಲು ರೈಲಿನಲ್ಲಿ ಹೊರಟರು. ಮಸೂರು ನಿಲ್ದಾಣದಲ್ಲಿ ಇಳಿದರೆ ಕರೆದೊಯ್ಯುವವರಾರೂ ಇಲ್ಲ. ಇವರು ಬರೆದ ಕಾಗದ ತಂದೆಯ ಕೈಸೇರಿರಲಿಲ್ಲ. ಹುಡುಗರು ಮಹಾರ ಜಾತಿಯವರೆಂದು ತಿಳಿದೊಡನೆ ಸ್ಟೇಷನ್ ಮಾಸ್ತರರ ಮುಖ ಬದಲಾಯಿತು. ಯಾವ ಗಾಡಿಯವನೂ ಒಪ್ಪಲಿಲ್ಲ. ಕಡೆಗೆ ಒಬ್ಬನು ಇಮ್ಮಡಿ ಬಾಡಿಗೆಗೆ ಒಪ್ಪಿದರೂ ಗಾಡಿಯನ್ನು ಹುಡುಗರೇ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುವೆನೆಂದು ಕರಾರು ಮಾಡಿದನು. ರಾತ್ರಿಯಾಯಿತು. ಬುತ್ತಿಯಲ್ಲಿ ಬೇಕಾದಷ್ಟು ತಿಂಡಿಯಿದ್ದಿತು. ಕುಡಿಯಲು ನೀರು ಕೊಡುವವರಿಲ್ಲದೆ ಅದನ್ನು ಮುಟ್ಟದೆ ಹಸಿದೇ ಮಲಗಿದರು. ಆಗ ಭೀಮರಾಯರಿಗೆ ಒಂಬತ್ತು ಹತ್ತು ವರ್ಷ. ನಮ್ಮ ಶಾಲೆಯ ನಾಲ್ಕನೆಯ ತರಗತಿಯ ಮಕ್ಕಳ ವಯಸ್ಸು.

ಅಮೆರಿಕ, ಇಂಗ್ಲೆಂಡುಗಳಲ್ಲಿ ಓದಿ ೧೯೧೭ರಲ್ಲಿ ಬರೋಡಾ ಸಂಸ್ಥಾನದ ಸೇವೆಗೆ ಬಂದಾಗಲೂ ಅವರಿಗೆ ಬಾಡಿಗೆಗೆ ಒಂದು ಕೋಣೆ ಸಿಕ್ಕಲಿಲ್ಲ. ದಿನಕ್ಕೆ ಒಂದೂವರೆ ರೂಪಾಯಿ ಕೊಟ್ಟು, ಪಾರಸಿಯ ಹೆಸರಿನಲ್ಲಿ ಒಂದು ಪಾರಸಿ ವಸತಿಗೃಹದಲ್ಲಿ ಇಳಿದುಕೊಂಡರು. ೧೧ನೆಯ ದಿನ ದೊಣ್ಣೆ ಹಿಡಿದು ಬಂದವರು ಅವರನ್ನು ಹೊರಗೆ ಹಾಕಿದರು. ಆಶ್ರಯ ಕೇಳಿದಾಗ ಇಬ್ಬರು ಮಿತ್ರರೂ ಒಂದೊಂದು ನೆಪ ಹೇಳಿದರು. ಸಾರ್ವಜನಿಕ ಉದ್ಯಾನದಲ್ಲಿ ಕುಳಿತು ಹೊತ್ತು ಕಳೆದು, ರಾತ್ರಿಯ ರೈಲಿಗೆ ಅವರು ಮುಂಬಯಿಗೆ ಮರಳಿದರು. ದೇಶ ಸುತ್ತೆಂಬ ಗಾದೆಯನ್ನು ಇನ್ನು ಮೇಲೆ ಬರೆಯುವಾಗ, ಯಾರು ಸುತ್ತಬಹುದಾಗಿತ್ತು, ಯಾರಿಗೆ ಬಾಗಿಲು ತೆರೆಯುತ್ತಿತ್ತು ಎಂಬುದನ್ನು ನಮ್ಮ ದೊಡ್ಡ ತರಗತಿಯ ವಿದ್ಯಾರ್ಥಿಗಳಾದರೂ ಒಂದು ಕ್ಷಣ ಯೋಚಿಸಬೇಕೆಂದು ಇದನ್ನು ಇಷ್ಟು ವಿಸ್ತಾರವಾಗಿ ಹೇಳಿದೆವು.

ಮುಚ್ಚಿದ ಬಾಗಿಲುಗಳು ತೆರೆಯುವುದು ಹೇಗೆ? ಇದಕ್ಕೆ ಒಂದು ವಿಚಿತ್ರವಾದ ಉಪಾಯವನ್ನು ವಿನೋಬಾ ಭಾವೆಯವರು ಇಬ್ಬರು ತರುಣರಿಗೆ ಹೇಳಿಕೊಟ್ಟರು. ವಿನೋಬರೇ ೧೯೫೧ರಿಂದ ಹದಿಮೂರು ವರ್ಷ ಭೂದಾನಕ್ಕಾಗಿ ಹಳ್ಳಿಯಿಂದ ಹಳ್ಳಿಗೆ ನಡೆದವರು. ಆ ತರುಣರಲ್ಲಿ ಒಬ್ಬರು ರಾಜಸ್ಥಾನದ ಸತೀಶಕುಮಾರರು. ಒಂಬತ್ತನೆಯ ವಯಸ್ಸಿಗೇ ಜೈನ ಮುನಿಯಾಗಿ, ಹದಿನೆಂಟರಲ್ಲಿ ಅದನ್ನು ತೊರೆದು ವಿನೋಬರನ್ನು ಸೇರಿದವರು. ಇನ್ನೊಬ್ಬರು ಕೇರಳದ ಇ. ಪಿ. ಮೆನನ್, ಮುಂದೆ ಬೆಂಗಳೂರಿನಲ್ಲಿ ಬಹುಕಾಲ ನೆಲೆಸಿದವರು. ಪ್ರಸಿದ್ಧ ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್ಲರು ೧೯೬೧ರಲ್ಲಿ ತಮ್ಮ ೮೯ನೆಯ ವಯಸ್ಸಿನಲ್ಲಿ ಅಣುಬಾಂಬನ್ನು ವಿರೋಧಿಸಿ ಸೆರೆಮನೆಗೆ ಹೋದ ಸುದ್ದಿಯನ್ನು ಇವರು ಪತ್ರಿಕೆಯಲ್ಲಿ ಓದಿದರು. ಆ ಮುದುಕರು ಸೆರೆಮನೆ ಸೇರಿರಲು ನಾವು ಕಾಫಿ ಕುಡಿಯುತ್ತ ಕುಳಿತಿರುವೆವಲ್ಲ ಎಂದೆನಿಸಿ, ಅಣ್ವಸ್ತ್ರಗಳನ್ನು ಹೊಂದಿದ್ದ ನಾಲ್ಕು ದೇಶಗಳ ರಾಜಧಾನಿಗಳಾದ ಮಾಸ್ಕೋ, ಪ್ಯಾರಿಸ್, ಲಂಡನ್, ವಾಷಿಂಗ್ಟನ್‌ಗಳಿಗೆ ನಡೆದೇ ಹೋಗುವುದೆಂದು ನಿಶ್ಚಯಿಸಿದರು.

ವಿನೋಬರು ಆಶೀರ್ವದಿಸಿ ಎರಡು ನಿಯಮಗಳನ್ನು ಹಾಕಿದರು. ಕೈಯಲ್ಲಿ ಒಂದು ಕಾಸೂ ಇರಕೂಡದೆಂಬುದು ಮೊದಲನೆಯದು; ಸಸ್ಯಾಹಾರವನ್ನು ಬಿಡಕೂಡದೆಂಬುದು ಎರಡನೆಯದು. ಈ ನಿಯಮಗಳು ಮೇಲುನೋಟಕ್ಕೆ ಶಿಕ್ಷೆಯಂತೆ ತೋರುತ್ತವೆ. ವಿನೋಬರ ತರ್ಕವೇ ಬೇರೆ. ದಿನವೆಲ್ಲ ನಡೆದು ದಣಿದವನ ಬಳಿ ಹಣವಿದ್ದರೆ ಅವನು ಹೋಟೆಲನ್ನು ಹೊಕ್ಕು, ಉಂಡು ಮಲಗಿ, ಬೆಳಗ್ಗೆ ಯಾರೊಡನೆಯೂ ಮಾತನಾಡದೆ ಹೊರಟುಬಿಡುವನು. ಹಣವಿಲ್ಲದವನು ಮಾತನಾಡಲೇಬೇಕು, ಒಂದು ಮನೆಯ ಬಾಗಿಲನ್ನು ತಟ್ಟಲೇಬೇಕು. ಮನೆಯವರು ಮಾಂಸವನ್ನು ಬಡಿಸಲು ಬಂದಾಗ ಇವರು ಬೇಡವೆಂದರೆ, ಏಕೆಂದು ಅವರು ಕೇಳುವರು. ಆಗ ಅಹಿಂಸೆಯ ಮಾತು ಉಪನ್ಯಾಸವಿಲ್ಲದೆ ತಾನಾಗಿ ಹೊರಡುವುದು. ಬಡತನವನ್ನು ಪರಿಚಯದ ಸಾಧನವನ್ನಾಗಿ ಮಾಡಿದ ಈ ಜಾಣ್ಮೆಯನ್ನು ನಾವು ಎಷ್ಟು ಮೆಚ್ಚಿದರೂ ಸಾಲದು.

೧೯೬೨ರ ಜೂನ್ ೧ರಂದು ಇಬ್ಬರೂ ದೆಹಲಿಯ ಗಾಂಧಿ ಸಮಾಧಿಯಿಂದ ಹೊರಟರು. ಪಾಕಿಸ್ತಾನದ ಗಡಿಯವರೆಗೆ ಬೀಳ್ಕೊಡಲು ಬಂದ ಮಿತ್ರರು ಬುತ್ತಿಯ ಪೊಟ್ಟಣಗಳನ್ನು ತಂದು, ಅಲ್ಲಿ ನಿಮಗೆ ಅನ್ನ ಹಾಕುವವರಾರೆಂದು ಕಣ್ಣೀರಿಟ್ಟು ಒತ್ತಾಯಿಸಿದರು. ಸತೀಶಕುಮಾರರು ಅವನ್ನು ಸ್ವೀಕರಿಸಲಿಲ್ಲ. ಅವರ ಎಣಿಕೆಯಂತೆ ಅವು ಅನ್ನದ ಪೊಟ್ಟಣಗಳಲ್ಲ, ಅಪನಂಬಿಕೆಯ ಪೊಟ್ಟಣಗಳು. ನೀವು ಉಣ್ಣಲಿಡುವಿರೆಂಬ ನಂಬಿಕೆ ನಮಗಿಲ್ಲವೆಂದು ಆ ಮನೆಗಳವರಿಗೆ ಮೊದಲೇ ತಿಳಿಸಿದಂತೆ. ದೇಶವಿಭಜನೆಯಾಗಿ ಆಗ ಹದಿನೈದೇ ವರ್ಷ. ಗಡಿಯನ್ನು ದಾಟಿ ಸ್ವಲ್ಪ ದೂರ ನಡೆಯುವಷ್ಟರಲ್ಲಿ ಅಪರಿಚಿತರೊಬ್ಬರು ಎದುರಾಗಿ, ಶಾಂತಿಗಾಗಿ ನಡೆದು ಬರುತ್ತಿರುವ ಇಬ್ಬರು ಭಾರತೀಯರು ನೀವೇ ಅಲ್ಲವೆ ಎಂದು ವಿಚಾರಿಸಿ, ಲಾಹೋರಿನ ತಮ್ಮ ಮನೆಗೆ ಕರೆದರು. ಅಲ್ಲಿಂದ ಮುಂದೆ ಖೈಬರ್ ಕಣಿವೆ, ಅಫಘಾನಿಸ್ತಾನ, ಇರಾನ್, ಸೋವಿಯತ್ ದೇಶ. ಮಾಸ್ಕೋ ಮಾರ್ಗದಲ್ಲಿ ಒಂದು ಚಹಾ ಕಾರ್ಖಾನೆಯ ಹೊರಗೆ ಸಿಕ್ಕಿದ ಇಬ್ಬರು ಹೆಂಗಸರು ಇವರಿಗೆ ಚಹಾ ಕೊಟ್ಟು, ಕಥೆಯನ್ನೆಲ್ಲ ಕೇಳಿದರು. ಅವರಲ್ಲೊಬ್ಬಳು ಚಹಾದ ನಾಲ್ಕು ಪೊಟ್ಟಣಗಳನ್ನು ತಂದು, ನಾಲ್ಕು ದೇಶಗಳ ಮುಖಂಡರಿಗೂ ಒಂದೊಂದನ್ನು ತಲಪಿಸಿರೆಂದಳು. ಬಾಂಬು ಹಾಕುವ ಮನಸ್ಸಾದಾಗ ಮೊದಲು ನಿಂತು ಒಂದು ಬಟ್ಟಲು ಚಹಾ ಕುಡಿಯಲಿ, ಅಷ್ಟರಲ್ಲಿ ಯೋಚಿಸಲು ಸಮಯ ಸಿಕ್ಕುವುದು ಎಂಬುದು ಅವಳ ಸಂದೇಶ. ಎರಡು ವರ್ಷಕ್ಕೆ ಮೀರಿದ, ಸುಮಾರು ೮೦೦೦ ಮೈಲಿಗಳ ಆ ಯಾತ್ರೆಯಲ್ಲಿ ಸಮುದ್ರವನ್ನು ಹಡಗಿನಲ್ಲಿ ದಾಟಬೇಕಾಯಿತು. ಪ್ಯಾರಿಸ್ಸಿನಲ್ಲಿ ಸೆರೆವಾಸವೂ ಆಯಿತು. ಬಾಂಬುಗಳೇನೂ ಕಡಮೆಯಾಗಲಿಲ್ಲ. ಆದರೆ ನೂರಾರು ಮನೆಗಳವರು ಇಬ್ಬರು ಭಾರತೀಯರನ್ನು ತಮ್ಮ ಊಟದ ಮೇಜಿನ ಬಳಿ ಕಂಡರು.

ಇದೆಲ್ಲ ದೂರದ ಮಾತಾಯಿತೆಂದು ಪೋಷಕರು ಭಾವಿಸಬಾರದು. ನಮ್ಮ ತುಳುನಾಡಿನ ಯಕ್ಷಗಾನ ಮೇಳಗಳ ತಿರುಗಾಟವೂ ಹಿಂದೆ ಇದೇ ಬಗೆಯದಾಗಿತ್ತು. ದೀಪಾವಳಿಯ ಅನಂತರ ಹೊರಟು ಪತ್ತನಾಜೆಯವರೆಗೆ ಊರಿಂದೂರಿಗೆ ಕಾಲ್ನಡಿಗೆ, ವೇಷದ ಪೆಟ್ಟಿಗೆಗಳು ಹೊತ್ತವರ ತಲೆಯ ಮೇಲೆ, ರಾತ್ರಿ ಆಟ, ಹಗಲು ಆಟವಾಡಿಸಿದವರ ಮನೆಯ ಚಾವಡಿಯಲ್ಲಿ ಊಟ, ನಿದ್ರೆ. ರಾತ್ರಿ ದೇವೇಂದ್ರನಾಗಿದ್ದವರು ಬೆಳಗ್ಗೆ ಗಂಜಿಗೆ ಕುಳಿತಾಗ ಮನೆಯ ಮಕ್ಕಳು ಬಾಗಿಲ ಸಂದಿಯಿಂದ ನೋಡುತ್ತಿದ್ದರೆಂದು ಹಿರಿಯರು ಹೇಳುವರು. ವಾರಾನ್ನದ ಹುಡುಗರಂತೂ ವಾರಕ್ಕೆ ಏಳು ಮನೆಗಳಲ್ಲಿ ಉಂಡು ಏಳು ಬಗೆಯ ಸಾರನ್ನೂ ಏಳು ಬಗೆಯ ಸ್ವಭಾವವನ್ನೂ ಅರಿತು ವಿದ್ಯಾವಂತರಾದರು. ಅದರಲ್ಲಿ ಅವಮಾನವೂ ಇತ್ತು, ಜಾತಿಯ ಎಲ್ಲೆಯೂ ಇತ್ತು. ಅದನ್ನು ಮುಚ್ಚಿಟ್ಟು ಬರಿಯ ಸುಖದ ಚಿತ್ರವನ್ನು ಬರೆಯಲು ನಮಗೆ ಇಷ್ಟವಿಲ್ಲ.

ಎರಡನೆಯ ಮಹಾಯುದ್ಧದ ತರುವಾಯ, ೧೯೪೯ರಲ್ಲಿ ಡೆನ್ಮಾರ್ಕಿನಲ್ಲಿ ಕೆಲವು ತರುಣರು ಕೂಡಿ ಸರ್ವಾಸ್ ಎಂಬ ಹೆಸರನ್ನು ಮುಂದೆ ಪಡೆದ ಒಂದು ಸಂಘವನ್ನು ಕಟ್ಟಿದರು. ಒಬ್ಬರ ದೇಶವನ್ನು ಒಬ್ಬರು ಮನೆಯೊಳಗಿನಿಂದ ನೋಡಿದರೆ ಮತ್ತೆ ಯುದ್ಧಕ್ಕೆ ಮನಸ್ಸು ಬಾರದೆಂಬುದು ಅವರ ನಂಬಿಕೆ. ಪ್ರಯಾಣಿಕನನ್ನು ಮೊದಲು ಕಂಡು ಮಾತನಾಡಿಸಿ, ಪರಿಚಯಪತ್ರ ಕೊಡುವರು, ಆ ಪತ್ರವನ್ನು ಹಿಡಿದು ಹೋದವನಿಗೆ ಸಾಮಾನ್ಯವಾಗಿ ಎರಡು ರಾತ್ರಿ ಆತಿಥ್ಯ, ಹಣದ ಮಾತಿಲ್ಲ. ಈಚೆಗೆ ಅಂತರ್ಜಾಲದ ಮೂಲಕವೂ ಅಪರಿಚಿತರು ಹೀಗೆ ಮನೆ ನೀಡುವುದುಂಟು. ಕೊಡಗು, ವಯನಾಡುಗಳ ಹೋಮ್‌ಸ್ಟೇಗಳನ್ನು ಇದರೊಡನೆ ಸೇರಿಸಬಾರದು. ಅದು ಹಣಕ್ಕೆ ಕೊಡುವ ಕೋಣೆ, ಗೌರವವಾದ ಉದ್ಯೋಗ. ಆದರೆ ಹಣ ಕೊಟ್ಟವನಿಗೆ ಬಿಸಿನೀರು ಏಕೆ ತಡವಾಯಿತೆಂದು ಕೇಳುವ ಅಧಿಕಾರವುಂಟು. ಅತಿಥಿಗೆ ಅದಿಲ್ಲ. ಆ ಅಧಿಕಾರ ಇಲ್ಲದುದರಿಂದಲೇ ಅವನು ಒಲೆಯ ಬಳಿಗೆ ಹೋಗಿ, ಸೌದೆ ಒಟ್ಟುತ್ತ, ಅಲ್ಲಿ ನಡೆಯುವ ಮಾತುಗಳನ್ನು ಕೇಳುವನು.

ಒಲೆಯ ಬಳಿಯ ಈ ಮಾತು ನಮ್ಮ ಸೀಮೆಯವರಿಗೆ ಮುಖ್ಯವಾದುದು. ಕಾಸರಗೋಡಿನಲ್ಲಿ ಒಂದು ಮೈಲಿ ನಡೆದರೆ ನಾಲ್ಕು ಭಾಷೆಗಳ ಅಂಗಳಗಳನ್ನು ದಾಟುತ್ತೇವೆ. ಬಂದವರನ್ನು ಒಂದು ಮನೆಯಲ್ಲಿ ‘ಬಲೆ, ಕುಳ್ಳುಲೆ’ ಎನ್ನುವರು. ಪಕ್ಕದ ಹವ್ಯಕರ ಮನೆಯಲ್ಲಿ ‘ಆಸರಿಂಗೆ ಎಂತ ಆಯೆಕ್ಕು’ ಎಂದು ಕೇಳುವರು. ಆಚೆಯ ಮನೆಗಳಲ್ಲಿ ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ. ಎಲ್ಲೆಡೆಯೂ ಮೊದಲು ಬರುವುದು ಬೆಲ್ಲ ನೀರೇ. ಹೀಗಿದ್ದರೂ ನಮ್ಮ ಮಕ್ಕಳಲ್ಲಿ ಹಲವರು ಸಹಪಾಠಿಯ ಮನೆಯ ಗೇಟಿನವರೆಗೆ ಹೋಗಿದ್ದಾರೆಯೇ ಹೊರತು ಒಳಗಿನ ಅಡುಗೆಮನೆಯನ್ನು ಕಂಡಿಲ್ಲ. ಮಲಯಾಳವನ್ನು ಪರೀಕ್ಷೆಗಾಗಿ ಹೆದರುತ್ತ ಓದುತ್ತಾರೆ. ಕನ್ನಡ ಮಾಧ್ಯಮದವರೆಂದರೆ ಬೇರೆಯೇ ಒಂದು ಜನವೆಂದು ನೆರೆಯವರು ತಿಳಿಯುತ್ತಾರೆ. ನಮ್ಮ ಭಾಷೆ ಇಲ್ಲಿ ಉಳಿಯಬೇಕಾದರೆ ನಮ್ಮ ಮನೆಗಳೊಳಕ್ಕೆ ನೆರೆಯವರು ಬಂದು ಅದನ್ನು ಕೇಳಬೇಕು. ಬಾಗಿಲು ಮುಚ್ಚಿಕೊಂಡು ಕಾಪಾಡಿದ ಭಾಷೆ ಎಷ್ಟು ತಲೆಮಾರು ಬಾಳೀತೆಂಬ ಶಂಕೆ ನಮಗಿದೆ.

ಈ ಉದ್ದೇಶದಿಂದ ಮುಂದಿನ ಕ್ರಿಸ್‌ಮಸ್ ರಜೆಯಲ್ಲಿ ೮ ಮತ್ತು ೯ನೆಯ ತರಗತಿಯ ವಿದ್ಯಾರ್ಥಿಗಳನ್ನು ಮೂರು ದಿನ ಬೇರೆ ಮನೆಗಳಲ್ಲಿ ಇರಿಸುವುದೆಂದು ಅಧ್ಯಾಪಕರೂ ಆಡಳಿತ ಮಂಡಳಿಯೂ ತೀರ್ಮಾನಿಸಿದ್ದೇವೆ. ಮೂರು ದಿನಕ್ಕೆ ಮೇಲ್ಪಟ್ಟು ನೆಂಟನಿಗೂ ಮರ್ಯಾದೆಯಿಲ್ಲವಷ್ಟೆ. ಮಗುವಿನ ಮನೆಮಾತಲ್ಲದ ಬೇರೆ ಭಾಷೆಯನ್ನಾಡುವ ಮನೆಯೇ ಆಗಬೇಕು. ಇಬ್ಬಿಬ್ಬರಂತೆ ಕಳುಹಿಸುವೆವು, ಹುಡುಗಿಯರನ್ನು ಹುಡುಗಿಯರಿರುವ ಮನೆಗೆ ಮಾತ್ರ. ತಂದೆತಾಯಿಗಳ ಒಪ್ಪಿಗೆಯು ಬರಹದಲ್ಲಿರತಕ್ಕದ್ದು. ಅಧ್ಯಾಪಕರೊಬ್ಬರು ಪ್ರತಿದಿನವೂ ಹೋಗಿ ಕಂಡು ಬರುವರು. ಮಕ್ಕಳು ಅಲ್ಲಿ ಎಲೆ ಎತ್ತುವುದು, ನೀರು ಸೇದುವುದು, ಅಂಗಳ ಗುಡಿಸುವುದು ಮೊದಲಾದ ಕೆಲಸಗಳಲ್ಲಿ ಮನೆಯ ಮಕ್ಕಳಂತೆಯೇ ಸೇರಬೇಕು. ದಿನಕ್ಕೆ ಹತ್ತು ಹೊಸ ಶಬ್ದಗಳನ್ನು ಬರೆದಿಟ್ಟುಕೊಳ್ಳಬೇಕು. ಮನೆಯ ಹಿರಿಯರೊಬ್ಬರಿಂದ ಅವರು ಚಿಕ್ಕಂದಿನಲ್ಲಿ ಮಾಡಿದ ಪ್ರಯಾಣವೊಂದನ್ನು ಕೇಳಿ ಬರೆದು ತರಬೇಕು.

ಮಕ್ಕಳನ್ನು ಕಳುಹಿಸಲು ಹಲವರು ಒಪ್ಪುವರೆಂದು ನಮಗೆ ಗೊತ್ತು. ನಮಗೆ ಬೇಕಾಗಿರುವುದು ಮಕ್ಕಳನ್ನು ಇಳಿಸಿಕೊಳ್ಳುವ ಮನೆಗಳು. ಹೆಸರು ಕೊಡುವ ಪೋಷಕರು ಬರುವ ಮಗುವಿನ ಜಾತಿ ಮತಗಳನ್ನು ವಿಚಾರಿಸಬಾರದು. ಆ ವಿವರವು ನಮ್ಮ ಅರ್ಜಿಯಲ್ಲಿ ಇರುವುದಿಲ್ಲ. ಮಗುವು ಏನನ್ನು ಉಣ್ಣುವುದಿಲ್ಲ, ಯಾವ ಔಷಧವನ್ನು ತೆಗೆದುಕೊಳ್ಳುತ್ತದೆ ಎಂಬುದನ್ನು ಮಾತ್ರ ನಾವು ತಿಳಿಸುವೆವು. ಬಡಮನೆಯೆಂದು ಯಾರೂ ಸಂಕೋಚಪಡಬೇಕಾಗಿಲ್ಲ. ಮಲಗಲು ಒಂದು ಚಾಪೆ ಹಾಸುವಷ್ಟು ಸ್ಥಳವಿದ್ದರೆ ಸಾಕು. ಹೆಸರುಗಳನ್ನು ಅಕ್ಟೋಬರ್ ಕೊನೆಯೊಳಗಾಗಿ ಶಾಲೆಯ ಕಚೇರಿಯಲ್ಲಿ ಬರೆಸಬೇಕು. ಹೊರಡುವ ದಿನ ಪ್ರತಿಯೊಂದು ಮಗುವೂ ಎರಡು ಜತೆ ಬಟ್ಟೆ, ಒಂದು ಹೊದಿಕೆ, ಒಂದು ನೋಟುಪುಸ್ತಕ ಇಷ್ಟನ್ನೇ ತರತಕ್ಕದ್ದು. ಕೈಗೆ ಹಣವನ್ನು ಕೊಡಬಾರದು; ಬುತ್ತಿಯನ್ನು ಕಟ್ಟಬಾರದು.